ಗುಬ್ಬಿಗೆ ಪೆಟ್ಟಿಗೆ ತೂಗುಹಾಕುವ ಮುನ್ನ

ಅಕ್ಕಲಕೋಟೆ: ಮರಾಠಿಯಲ್ಲಿ ಚಿಮಣಿ, ಕನ್ನಡದಲ್ಲಿ ಗುಬ್ಬಿ. ಹೆಸರು ಎರಡಾದರೂ ಗಡಿಭಾಗದ ಹಳ್ಳಿಗಳಲ್ಲಿ ಕೇಳಿಬರುವ ದೂರು ಒಂದೇ, 'ಮೊದಲಿನಷ್ಟು ಈಗ ಕಾಣುವುದಿಲ್ಲ'. 2010ರಿಂದ ಮಾರ್ಚ್ 20ನ್ನು ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ. ಇದಕ್ಕೆ ಮುಂದಾದವರು ನಮ್ಮ ಮಹಾರಾಷ್ಟ್ರದವರೇ ಆದ ನಾಸಿಕದ ಮೊಹಮ್ಮದ್ ದಿಲಾವರ್. ಆ ದಿನ ಅಲ್ಲಲ್ಲಿ ಗೂಡಿನ ಪೆಟ್ಟಿಗೆ ಹಂಚುವುದೂ ಉಂಟು. ಆದರೆ ಹೀಗೆ ಹಂಚಿದ ಪೆಟ್ಟಿಗೆಗಳಲ್ಲಿ ಎಷ್ಟೋ ಖಾಲಿ ಉಳಿಯುತ್ತವೆ. ಅದಕ್ಕೆ ಹೆಚ್ಚಿನ ಸಲ ಕಾರಣ ಪೆಟ್ಟಿಗೆಯೇ ಹೊರತು ಗುಬ್ಬಿಯಲ್ಲ.

ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಂತಿಗಳ ನಡುವಿನ ಸಂದು, ಗೋಡೆಯ ಗೂಡು, ದೇವರ ಫೋಟೋದ ಹಿಂಬದಿ ಎಲ್ಲವೂ ಗುಬ್ಬಿಯ ಬಿಡಾರವಾಗಿದ್ದವು. ಆರ್‌ಸಿಸಿ ಮನೆಯ ನುಣುಪು ಗೋಡೆಯಲ್ಲಿ ಅಂಥ ಸಂದಿಲ್ಲ. ಮೊಬೈಲ್ ಟವರ್‌ನಿಂದಲೇ ಗುಬ್ಬಿ ಸತ್ತವು ಎನ್ನುವವರಿದ್ದಾರೆ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಿ ಕಡಿಮೆಯಾಗಿರುವುದು ದೊಡ್ಡ ನಗರಗಳಲ್ಲಿ. ಒಟ್ಟು ದೇಶದಲ್ಲಿ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಅಂದರೆ ಹಳ್ಳಿಯಲ್ಲಿ ಜಾಗ ಕೊಟ್ಟರೆ ಬರಲು ಗುಬ್ಬಿಗಳಿವೆ.

ಪೆಟ್ಟಿಗೆ ಮರದ್ದಾಗಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಡಬ್ಬಿಯೊಳಗೆ ಮರಿಗಳು ಬೆಂದೇ ಹೋದಾವು. ಬಾಗಿಲಿನ ತೂತು 32 ಮಿಲಿಮೀಟರ್, ಅಂದರೆ ಒಂದೂಕಾಲು ಅಂಗುಲ ಸಾಕು. ದೊಡ್ಡದಾದರೆ ಮೈನಾ ನುಗ್ಗಿ ಯಜಮಾನಿಕೆ ಮಾಡುತ್ತದೆ. ತೂತಿನ ಕೆಳಗೆ ಅಂದಕ್ಕೆಂದು ಕೋಲು ಸಿಕ್ಕಿಸುವವರಿದ್ದಾರೆ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಮಾತ್ರ ಕೂರಲು ಅನುಕೂಲ. ಎಂಟು ಹತ್ತು ಅಡಿ ಎತ್ತರದಲ್ಲಿ, ಸೂರಿನ ನೆರಳಿನಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ, ಬೆಕ್ಕು ಹತ್ತದ ಕಡೆ ಮೊಳೆ ಹೊಡೆದು ಭದ್ರಪಡಿಸಬೇಕು, ಗಾಳಿಗೆ ತೂಗಾಡಬಾರದು. ಪಡಸಾಲೆಯೊಳಗಾದರೆ ಫ್ಯಾನಿನಿಂದ ದೂರ. ಗುಬ್ಬಿ ಒಂಟಿ ಜೀವಿಯಲ್ಲವಾದ್ದರಿಂದ ಎರಡು ಮೂರು ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.

ಕಾಳು ಹಾಕುವುದು ಸುಲಭ. ಜೋಳ, ಸಜ್ಜೆ, ನುಚ್ಚು ಯಾವುದಾದರೂ ಆದೀತು. ರಾಶಿಯ ಕಾಲದಲ್ಲಿ ನಾಲ್ಕು ಜೋಳದ ತೆನೆ ಕಟ್ಟಿ ಅಂಗಳದಲ್ಲಿ ತೂಗುಹಾಕಿದರೆ ಅದಕ್ಕಿಂತ ಒಳ್ಳೆಯ ತಟ್ಟೆ ಅಂಗಡಿಯಲ್ಲಿ ಸಿಗದು. ಉಪ್ಪುಖಾರದ ಚೂಡಾ ಬೇಡ. ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ದಿನವೂ ಬದಲಿಸಿ, ತಿಕ್ಕಿ ತೊಳೆಯಿರಿ. ಹೊಲಸು ನೀರಿನಿಂದ ಹಕ್ಕಿಗಳಿಗೆ ರೋಗ ಹರಡುತ್ತದೆ. ಕಾಳು ಹಾಕುವ ಜಾಗ ಗೂಡಿನಿಂದ ಸ್ವಲ್ಪ ದೂರವಿರಲಿ.

ಇಲ್ಲೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಕಾಳು ತಿನ್ನುವುದು ದೊಡ್ಡ ಗುಬ್ಬಿ. ಎಳೆಯ ಮರಿಗೆ ಬೇಕಾದದ್ದು ಮೆತ್ತನೆಯ ಹುಳ. ಹಿತ್ತಲಿನ ಬದನೆ, ದಾಳಿಂಬೆಗೆಲ್ಲ ವಿಷ ಹೊಡೆದು ಅಂಗಳದಲ್ಲಿ ಎಷ್ಟೇ ಜೋಳ ಚೆಲ್ಲಿದರೂ ಗೂಡಿನಲ್ಲಿ ಮರಿ ಉಪವಾಸ. ಮನೆಯ ಸುತ್ತ ಒಂದಿಷ್ಟು ಪೊದೆ, ಬೇಲಿ ಉಳಿಸಿ, ಅಷ್ಟು ಜಾಗಕ್ಕಾದರೂ ಔಷಧಿ ಹೊಡೆಯದಿರಿ.

ಇನ್ನು ನೋಡುವ ಖುಷಿ. ಕೊರಳಲ್ಲಿ ಕಪ್ಪು ಮಚ್ಚೆ ಇರುವುದು ಗಂಡು, ಮಾಸಲು ಕಂದು ಬಣ್ಣದ್ದು ಹೆಣ್ಣು. ಮೊದಲು ಗಂಡು ಪೆಟ್ಟಿಗೆಯ ಮೇಲೆ ಕೂತು ದಿನವಿಡೀ ಚಿಲಿಪಿಲಿ ಎಂದು ಕರೆಯುತ್ತದೆ, ಹುಲ್ಲು ತರುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ. ಕಾವಿಗೆ ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ಗಂಡು ಹೆಣ್ಣು ಎರಡೂ ಉಣಿಸುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಸಲ ಬಂದವು, ಕೊಕ್ಕಿನಲ್ಲಿ ಹುಳವೋ ಕಾಳೋ ಎಂದು ಮಕ್ಕಳಿಗೆ ಪಾಟಿಯಲ್ಲಿ ಬರೆಯಲು ಹೇಳಿ. ಕುತೂಹಲಕ್ಕೆ ಮುಚ್ಚಳ ತೆರೆಯಲು ಮಾತ್ರ ಬಿಡಬೇಡಿ. ಮರಿಗಳೆಲ್ಲ ಹಾರಿಹೋದ ಮೇಲೆ ಹಳೆಯ ಹುಲ್ಲು ತೆಗೆದು, ಪೆಟ್ಟಿಗೆ ಕೊಡವಿ ಅದೇ ಜಾಗದಲ್ಲಿಡಿ. ಅದೇ ಜೋಡಿ ವರ್ಷದಲ್ಲಿ ಇನ್ನೊಮ್ಮೆ ಮೊಟ್ಟೆ ಇಡುವುದುಂಟು.