ಕುಂಡದ ಗಿಡಗಳೂ ನಮ್ಮ ನಂಬಿಕೆಗಳೂ

ಮಂಗಳೂರಿನ ಕುದ್ರೋಳಿಯಂತಹ ನಗರಭಾಗಗಳಲ್ಲಿ ಅಂಗಳ ಕಿರಿದಾದ ಮನೆಯವರು ಜಗಲಿಯಲ್ಲಿ ಕುಂಡಗಳನ್ನಿಟ್ಟು ಗಿಡ ಬೆಳೆಸುವುದುಂಟು. ಅಕ್ಕರೆಯಿಂದ ಸಾಕಿದ ಈ ಗಿಡಗಳು ಅನೇಕ ವೇಳೆ ಆ ಅಕ್ಕರೆಯಿಂದಲೇ ಸಾಯುತ್ತವೆ.

ಗಿಡಕ್ಕೆ ನಿತ್ಯವೂ ನೀರೆರೆಯಬೇಕೆಂಬುದು ಎಲ್ಲೆಡೆ ಬೇರೂರಿರುವ ನಂಬಿಕೆ. ಆದರೆ ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯೇ ಅವುಗಳಿಗೆ ಆಧಾರ. ಆ ಸಂದುಗಳಲ್ಲಿ ಸದಾ ನೀರು ನಿಂತರೆ ಬೇರುಗಳು ಆಮ್ಲಜನಕವಿಲ್ಲದೆ ಕೊಳೆಯುತ್ತವೆ. ಕೊಳೆತ ಬೇರು ನೀರನ್ನು ಹೀರಲಾರದಾದುದರಿಂದ ಗಿಡವು ಬಾಡುತ್ತದೆ. ಅದನ್ನು ಬಾಯಾರಿಕೆಯೆಂದು ಬಗೆದು ಮತ್ತಷ್ಟು ನೀರೆರೆದರೆ ಗಿಡ ಉಳಿಯುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಮಣ್ಣು ಬೇಗ ಒಣಗದು. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗಿಳಿಸಿ, ತೇವವಿಲ್ಲದಿದ್ದರೆ ಮಾತ್ರ ನೀರೆರೆಯುವುದು ಲೇಸು.

ಕುಂಡದ ತಳದಲ್ಲಿ ಜಲ್ಲಿ ಹರಡಿದರೆ ನೀರು ಬೇಗ ಬಸಿಯುವುದೆಂದು ಹಲವರು ತಿಳಿದಿದ್ದಾರೆ. ಸಣ್ಣ ಕಣಗಳ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಜಲ್ಲಿಗೆ ಸುಲಭವಾಗಿ ಇಳಿಯದು. ತೇವದ ಪದರವು ಬೇರಿಗೆ ಇನ್ನೂ ಸಮೀಪವಾಗುತ್ತದೆ. ತಳದಲ್ಲಿ ರಂಧ್ರವೂ ಒಳಗೆ ಸಡಿಲವಾದ ಮಣ್ಣೂ ಇದ್ದರೆ ಸಾಕು.

ಗಿಡವು ರಾತ್ರಿ ಕೋಣೆಯ ಗಾಳಿಯನ್ನು ಕೆಡಿಸುವುದೆಂದು ಅಂಜುವವರೂ ಇದ್ದಾರೆ. ಅದು ಹೊರಬಿಡುವ ಇಂಗಾಲಾಮ್ಲವು ಮಲಗಿರುವ ಮನುಷ್ಯನೊಬ್ಬನು ಬಿಡುವುದಕ್ಕಿಂತ ಬಹಳ ಕಡಿಮೆ. ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆಂಬ ಮಾತೂ ಅತಿಶಯವೇ. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ಗುಣವನ್ನು ಪರೀಕ್ಷಿಸಿದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ. ಮನೆಯಲ್ಲಿ ತೆರೆದ ಕಿಟಕಿಯೇ ಆ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡುತ್ತದೆ.

ಹತ್ತು ಜನ ಹೇಳಿದರೆಂಬ ಕಾರಣಕ್ಕೆ ಒಂದು ಮಾತು ಸತ್ಯವಾಗದು. ಮಣ್ಣನ್ನು ಮುಟ್ಟಿ, ಎಲೆಯನ್ನು ನೋಡಿ, ಕಾರಣವನ್ನು ವಿಚಾರಿಸಿ ನಡೆಯುವುದೇ ನಿಜವಾದ ಆರೈಕೆ.