ಎಲ್ಲರ ತಂದೆ

ಸೈನ್ಯದಿಂದ ನಿವೃತ್ತರಾಗಿ ಮರಳಿ, ವ್ಯಾಪಾರವನ್ನೋ ದ್ರಾಕ್ಷಿ ತೋಟವನ್ನೋ ನೋಡಿಕೊಂಡು, ಕರೆಯದಿದ್ದರೂ ಊರ ಕೆಲಸಕ್ಕೆ ನಿಲ್ಲುವ ಹಿರಿಯರು ವಿಜಯಪುರ, ತಿಕೋಟಾ, ಬಬಲೇಶ್ವರಗಳಿಗೆ ಹೊಸಬರಲ್ಲ. ಅಂತಹ ತಂದೆಯನ್ನು ಕಳೆದುಕೊಂಡ ಮಕ್ಕಳ ಮಾತಿನಲ್ಲಿ ಪ್ರೀತಿಯ ಜೊತೆಗೆ ಸಣ್ಣದೊಂದು ಆಕ್ಷೇಪವೂ ಇರುತ್ತದೆ: ಅಪ್ಪ ಊರಿಗೆಲ್ಲ ಆದರು, ಮನೆಗೆ ಕಡಿಮೆಯಾದರು. ಆಗ ನಮಗೆ ಕೊಡಗಿನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ನೆನಪಾಗುತ್ತದೆ.

1965ರ ಸೆಪ್ಟೆಂಬರಿನಲ್ಲಿ, ಯುದ್ಧದ ಕಡೆಯ ದಿನ, ವಾಯುಪಡೆಯಲ್ಲಿದ್ದ ಅವರ ಪುತ್ರ ಕೆ. ಸಿ. ಕಾರ್ಯಪ್ಪನವರ ವಿಮಾನ ಉರುಳಿ, ಅವರು ಪಾಕಿಸ್ತಾನಕ್ಕೆ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ವಿಭಜನೆಗೆ ಮುಂಚೆ ಇದೇ ಹಿರಿಯ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದವರು. ಹಳೆಯ ಗೌರವದಿಂದ ಮಗನನ್ನು ಬಿಡಲು ಮುಂದಾದರು. ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗಷ್ಟೇ ವಿಶೇಷ ಸಲ್ಲದು ಎಂದರು. ಮಗ ಬಿಡುಗಡೆಯಾದದ್ದು 1966ರ ಜನವರಿಯಲ್ಲಿ.

ಇದು ಕಲ್ಲೆದೆಯೇ? ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಮ್ಮಂಥವರು ಇದನ್ನು ಎರಡು ಕರ್ತವ್ಯಗಳ ಘರ್ಷಣೆಯೆಂದು ಸುಲಭವಾಗಿ ಬರೆದು ಮುಗಿಸಿಯೇವು. ಆದರೆ ಬಿಡಿಸಿ ತರುವ ದಾರಿ ಎದುರಿಗಿದ್ದೂ ಆ ತಿಂಗಳುಗಳನ್ನು ಕಳೆದ ತಂದೆಯ ಸಂಕಟ ಯಾವ ಪಠ್ಯಕ್ಕೂ ಸಿಗದು. ಉಳಿದ ಸೆರೆಯಾಳುಗಳಿಗೂ ತಂದೆಯರಿದ್ದರು. ಅವರಿಗೆ ಯಾವ ಅಧ್ಯಕ್ಷರ ಪರಿಚಯವೂ ಇರಲಿಲ್ಲ. ಅವರು ಪ್ರೀತಿಯನ್ನು ಕಡಿಮೆ ಮಾಡಲಿಲ್ಲ, ಆ ತಂದೆಯರನ್ನು ಮರೆಯಲಿಲ್ಲ ಎಂದು ನಾವು ಭಾವಿಸುತ್ತೇವೆ. ಯುದ್ಧದ ಹಿಂದಿನ ವರ್ಷ, 1964ರಲ್ಲಿ, ಮಾಜಿ ಸೈನಿಕರಿಗಾಗಿ ಅಖಿಲ ಭಾರತ ಸಂಘಟನೆ ಕಟ್ಟಿದವರೂ ಅವರೇ.

ಅವರು ತೀರಿಕೊಂಡದ್ದು 1993ರಲ್ಲಿ. ಏರ್ ಮಾರ್ಷಲ್ ಆಗಿ ನಿವೃತ್ತರಾದ ಆ ಮಗನೇ ಮುಂದೆ ತಂದೆಯ ಜೀವನಚರಿತ್ರೆಯನ್ನು ಬರೆದರು.