ಸಂಜೆಯೇ ಶುರುವಾಗುವ ನಿದ್ದೆ

ಕೇಶ್ವಾಪುರದ ನಮ್ಮ ಮನೆಯಲ್ಲಿ ಮೊಮ್ಮಗಳ ನಿದ್ದೆಯ ತಯಾರಿ ಸಂಜೆ ಐದಕ್ಕೇ ಶುರು. ನಾಲ್ಕು ವರ್ಷದ ಕೂಸು, ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಈ ಕಾಯಿಲೆಯಲ್ಲಿ ಶ್ವಾಸಕೋಶದ ಲೋಳೆ ತೆಳ್ಳಗೆ ಹರಿಯದೆ ಗೋಂದಿನಂತೆ ಅಂಟಿಕೊಳ್ಳುತ್ತದೆ. ಹಗಲೆಲ್ಲ ಆಡಿಕೊಂಡಿದ್ದವಳು ರಾತ್ರಿ ಅಡ್ಡಾದ ಕೂಡಲೇ ಕೆಮ್ಮುತ್ತಾಳೆ. ನೋಡಲು ಬಂದವರು, “ಕೆಮ್ಮಿನ ಔಷಧ ಕುಡಸ್ರಿ, ಪಾಪ, ಮಲಗಲಿ” ಅನ್ನುತ್ತಾರೆ. ಅದೊಂದನ್ನು ಮಾಡಬಾರದು. ಈ ಮಕ್ಕಳಿಗೆ ಕೆಮ್ಮು ಬೇಕು, ಕಫ ಹೊರಬರುವ ದಾರಿಯೇ ಅದು. ಸಿರಪ್ಪು ಹಾಕಿ ಅದುಮಿದರೆ ಕಫ ಒಳಗೇ ಕುಳಿತು ಸೋಂಕಿಗೆ ಜಾಗವಾಗುತ್ತದೆ. ರಾತ್ರಿ ಕೆಮ್ಮು ಇಳಿಯಬೇಕಾದರೆ ಸಂಜೆಯೇ ಚೆನ್ನಾಗಿ ಕೆಮ್ಮಿಸಬೇಕು.

ಮೊದಲು ಉಸಿರುನಾಳ ಹಿಗ್ಗಿಸುವ ಔಷಧ, ಆಮೇಲೆ ಡಾಕ್ಟರು ಬರೆದುಕೊಟ್ಟ ಗಾಢ ಉಪ್ಪುನೀರು, ನೆಬ್ಯುಲೈಜರಿನಲ್ಲಿ. ಉಪ್ಪು ನೀರನ್ನು ಎಳೆದುಕೊಂಡು ಲೋಳೆ ಸಡಿಲಾಗುತ್ತದೆ. ಬಳಿಕ ಸೊಸೆ ಅಂಗೈ ಗುಳಿ ಮಾಡಿಕೊಂಡು ಪಕ್ಕೆಲುಬುಗಳ ಮೇಲೆ ತಟ್ಟುತ್ತಾಳೆ, ಬೆನ್ನುಹುರಿ ಮತ್ತು ಹೊಟ್ಟೆ ಬಿಟ್ಟು. ನನ್ನ ಪಾಲಿನದು ಕೈಗನ್ನಡಿ. ಬಾಯಿ ಅಗಲಿಸಿ “ಹಾ” ಎಂದು ಜೋರಾಗಿ ಉಸಿರು ಬಿಡಿಸುತ್ತೇನೆ. “ಆಯೀ, ನೋಡ, ಕನ್ನಡಿ ಪೂರಾ ಮಂಜ ಮಾಡೇನಿ!” ಅವಳಿಗದು ಆಟ, ಆದರೆ ಆ ಉಸಿರಿನ ಬೀಸಿಗೇ ಕಫ ಮೇಲೇರುವುದು. ಇದೆಲ್ಲ ಊಟಕ್ಕೆ ಮುಂಚೆಯೇ ಮುಗಿಯಬೇಕು, ಇಲ್ಲವಾದರೆ ಉಂಡದ್ದೂ ವಾಂತಿಯಾಗುತ್ತದೆ. ಮಲಗುವ ಹೊತ್ತಿಗೆ ತೀರ ಹತ್ತಿರವೂ ಬೇಡ, ಉಪ್ಪುನೀರು ಎಬ್ಬಿಸಿದ ಕೆಮ್ಮು ಆರಲು ಸಮಯ ಬೇಕು. ಹಿಂದೆ ಹಸುಗೂಸುಗಳನ್ನು ತಲೆ ಕೆಳಗೆ ವಾಲಿಸಿ ತಟ್ಟುತ್ತಿದ್ದರು. ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತದೆಂದು ಈಗ ಹಾಗೆ ಮಾಡಿಸುವುದಿಲ್ಲ. ವರ್ಷ ತುಂಬದ ಕೂಸಿಗೆ ಈ ಕಾಯಿಲೆ ಇದ್ದರೂ ದಿಂಬಿಲ್ಲದ ಸಮ ಹಾಸಿಗೆಯಲ್ಲಿ ಅಂಗಾತ ಮಲಗುವುದೇ ಸುರಕ್ಷಿತ.

ರಾತ್ರಿ ಎಬ್ಬಿಸುವುದು ಕೆಮ್ಮೊಂದೇ ಅಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಮೇದೋಜೀರಕ ಗ್ರಂಥಿಯ ರಸ ಕರುಳಿಗೆ ತಲುಪುವುದಿಲ್ಲ. ಜಿಡ್ಡು ಕರಗದೆ ಹೊಟ್ಟೆ ಉಬ್ಬಿ ನೋಯುತ್ತದೆ. ಹಾಗೆಂದು ಬೆಣ್ಣೆ ತುಪ್ಪ ಬಿಡಿಸುವಂತಿಲ್ಲ, ಇವರಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಶಕ್ತಿ ಬೇಕು. ಆದ್ದರಿಂದ ಊಟದ ಜೊತೆ ಕಿಣ್ವದ ಕ್ಯಾಪ್ಸೂಲು. ಒಡೆದು, ಒಳಗಿನ ಕಾಳನ್ನು ಬೇಯಿಸಿ ಹಿಸುಕಿದ ಸೇಬಿನಲ್ಲಿ ಕೊಡುತ್ತೇವೆ, ಅಗಿಯದೆ ನುಂಗಬೇಕು. ಮಲಗುವ ಮುಂಚಿನ ಹಾಲಿಗೂ ಕ್ಯಾಪ್ಸೂಲು ಬೇಕು. ಬಹಳ ಮನೆಗಳಲ್ಲಿ ಹಾಲನ್ನು ಊಟವೆಂದು ಲೆಕ್ಕ ಹಿಡಿಯುವುದಿಲ್ಲ.

ಇನ್ನು ನಮ್ಮೂರ ಏಪ್ರಿಲ್, ಮೇ. ನಮ್ಮ ಕೂಸಿನ ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ. ಬೆವರಿನಲ್ಲಿ ಅತಿಯಾಗಿ ಉಪ್ಪು ಹೋಗುವುದನ್ನು 1953ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಪಾಲ್ ಡಿ ಸ್ಯಾಂಟ್ ಆಗ್ನೀಸ್ ಗುರುತಿಸಿದರು; ಇಂದಿಗೂ ರೋಗ ಪತ್ತೆಗೆ ಬೆವರಿನ ಪರೀಕ್ಷೆಯೇ ಆಧಾರ. ಸೆಕೆಗಾಲದಲ್ಲಿ ಡಾಕ್ಟರು ಹೇಳಿದಷ್ಟು ಉಪ್ಪು ಹಾಕಿದ ಮಜ್ಜಿಗೆ ಸಂಜೆಯೊಳಗೆ ಕುಡಿಸುತ್ತೇವೆ. ಅವಳ ಕೋಣೆಗೆ ನೀರಿನ ಕೂಲರ್ ಇಲ್ಲ, ಫ್ಯಾನು ಸಾಕು. ನಿಂತ ನೀರಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಈ ಶ್ವಾಸಕೋಶಗಳಿಗೆ ದೊಡ್ಡ ವೈರಿ. ಅದೇ ಕಾರಣಕ್ಕೆ ನೆಬ್ಯುಲೈಜರಿನ ಬಟ್ಟಲನ್ನು ಬಳಸಿದ ಮೇಲೆ ತೊಳೆದು, ಕುದಿಸಿ, ಪೂರ್ತಿ ಒಣಗಿಸಬೇಕು. ಎರೆದ ಮೇಲೆ ಲೋಬಾನ ಹಾಕುವುದು ನಮ್ಮ ಕಡೆಯ ಪದ್ಧತಿ. ನನ್ನ ಮಕ್ಕಳಿಗೆಲ್ಲ ಹಾಕಿದ್ದೇನೆ, ಹೊಗೆ ಆಗದೆಂದು ಇವಳಿಗೆ ಇಲ್ಲ. ಊದಿನಕಡ್ಡಿ, ಸೊಳ್ಳೆಬತ್ತಿಯೂ ಇಲ್ಲ, ಸೊಳ್ಳೆಪರದೆ ಕಟ್ಟುತ್ತೇವೆ.

ಕೂಸಿಗೆ ಈ ಕಾಯಿಲೆ ಬಂದದ್ದಕ್ಕೆ ಸೊಸೆಯನ್ನು ದೂರುವವರಿದ್ದಾರೆ. ಅವರಿಗೆ ನಾನು ಬಿಡಿಸಿ ಹೇಳುತ್ತೇನೆ: 1989ರಲ್ಲಿ ಪತ್ತೆಯಾದ, ಏಳನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನ ದೋಷವಿದು. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೆಟ್ಟ ಪ್ರತಿ ಕೂಡಿದಾಗ ಮಾತ್ರ ರೋಗ. ಅಂದರೆ ನನ್ನ ಮಗನದೂ ಅರ್ಧ ಪಾಲು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಮನೆತನಗಳಲ್ಲಿ ಇಂಥ ಜೋಡಿ ಕೂಡುವ ಸಂಭವ ಹೆಚ್ಚು. ಆ ಜೀನಿನ ಕೆಲಸವನ್ನೇ ಸರಿಪಡಿಸುವ ಮೂರು ಔಷಧಗಳ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ನಮ್ಮಂಥವರ ಕೈಗೆಟುಕದ್ದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ರೋಗದ ಹೆಸರಿದೆ. ಹೆಸರಿದ್ದ ಮೇಲೆ ಮಾತ್ರೆ ಮಕ್ಕಳ ಬಾಯಿಗೂ ತಲುಪಬೇಕು.

ರಾತ್ರಿ ಕೆಮ್ಮು ಎಂದಿಗಿಂತ ಹೆಚ್ಚಿದರೆ, ಕಫದ ಬಣ್ಣ ಬದಲಾದರೆ, ಹೊಸದಾಗಿ ಗೊರಕೆ ಶುರುವಾದರೆ, ಬೆಳಿಗ್ಗೆ ತಲೆನೋವೆಂದರೆ ಡಾಕ್ಟರಿಗೆ ತಿಳಿಸಬೇಕು. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ ಅಥವಾ ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.